ಗುಡ್ಡಕ್ಕೆ ಇಬ್ಬರು ಎಂಪಿಗಳು

ಈಗಷ್ಟೇ ಎಲ್ಲರೂ ಎದ್ದು ನಿಂತು ಮತದಾರರ ದಿನದ ಪ್ರತಿಜ್ಞೆ ಓದಿದಿರಿ. ಹಿಂದಿನ ಸಾಲಿನ ಹುಡುಗರು ಬರೀ ತುಟಿ ಆಡಿಸಿದ್ದು ಇಲ್ಲಿಂದ ಕಾಣುತ್ತಿತ್ತು. ಪರವಾಗಿಲ್ಲ, ನಾವೂ ಹಾಗೇ ಮಾಡಿದವರು. ನನಗೆ ಕೊಟ್ಟ ವಿಷಯ ‘ಮತದಾನದ ಮಹತ್ವ’. ಅದನ್ನು ಪ್ರಾಂಶುಪಾಲರು ಸ್ವಾಗತ ಭಾಷಣದಲ್ಲೇ ಮುಗಿಸಿಬಿಟ್ಟರು. ಹಾಗಾಗಿ ನಾನು ಒಂದು ಗುಡ್ಡದ ಕಥೆ ಹೇಳುತ್ತೇನೆ.

ಗುಡ್ಡದ ಹೆಸರು ಓಲ್ಡ್ ಸೇರಂ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಸಾಲ್ಸ್‌ಬರಿ ಪಟ್ಟಣದಿಂದ ಎರಡು ಮೈಲಿ ಉತ್ತರಕ್ಕೆ. ರಾಜ್ಯಶಾಸ್ತ್ರ ಓದಿದವರು ‘ಕೊಳೆತ ಕ್ಷೇತ್ರ’ ಅಂತ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದಿರುತ್ತೀರಿ. “ಜನರಿಲ್ಲದಿದ್ದರೂ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಕಳಿಸುತ್ತಿದ್ದ ಕ್ಷೇತ್ರ, ಉದಾಹರಣೆ ಓಲ್ಡ್ ಸೇರಂ.” ಆ ಸಾಲನ್ನು ಡಿಕ್ಟೇಟ್ ಮಾಡಿಸಿದ ಪಾಪ ನನ್ನದೂ ಹೌದು. ಎಷ್ಟೋ ವರ್ಷ ಬರೆಸಿದೆ, ಒಂದು ದಿನವೂ ನನಗೆ ನಾನೇ ಕೇಳಿಕೊಳ್ಳಲಿಲ್ಲ: ಜನರೇ ಇಲ್ಲದಿದ್ದರೆ ವೋಟು ಹಾಕಿದವರು ಯಾರು ಮಾರಾಯ್ರೇ?

ನಿವೃತ್ತಿಯಾದ ಮೇಲೆ ಮಗಳ ಮನೆಗೆ ಹೋದಾಗ ಅಳಿಯಂದಿರು ಸ್ಟೋನ್‌ಹೆಂಜ್ ತೋರಿಸುತ್ತೇನೆ ಅಂದರು. ನಾನು ಓಲ್ಡ್ ಸೇರಂ ಅಂದೆ. ಸಾಲ್ಸ್‌ಬರಿಯಿಂದ ಬಸ್ಸು. ಇಳಿದು ಹತ್ತಿದರೆ ದೊಡ್ಡ ಮಣ್ಣಿನ ಏರಿ, ಸುತ್ತ ಕಂದಕ, ಅದರ ಮೇಲೊಂದು ಮರದ ಸೇತುವೆ. ಒಳಗೆ ಕೋಟೆಯ ಮುರುಕು ಗೋಡೆಗಳು, ಚಕಮಕಿ ಕಲ್ಲಿನವು. ಒಂದು ಕಾಲದ ಕೆಥೆಡ್ರಲ್ ಈಗ ಹುಲ್ಲಿನ ನಡುವೆ ಬರೀ ಅಡಿಪಾಯದ ಗುರುತು. ರಂಗೋಲಿ ಅಳಿಸಿದ ಮೇಲೆ ಚುಕ್ಕಿ ಉಳಿದ ಹಾಗೆ. ಗಾಳಿ ಅಂದರೆ ಗಾಳಿ, ಮಫ್ಲರ್ ಹಾರಿ ಕಂದಕಕ್ಕೆ ಬಿತ್ತು. ನನ್ನ ಮನೆಯವರು ಸುತ್ತ ನೋಡಿ, “ರೀ, ಇದನ್ನ ನೋಡೋಕೆ ಅಷ್ಟು ದೂರದಿಂದ ಬಂದ್ವಾ? ನಮ್ಮೂರ ಹಾಳು ಕೋಟೆ ಇದಕ್ಕಿಂತ ವಾಸಿ” ಅಂದರು. ತಪ್ಪೇನಿಲ್ಲ. ಆದರೆ ನಮ್ಮೂರ ಹಾಳು ಕೋಟೆ ಐದು ನೂರು ವರ್ಷಕ್ಕೂ ಹೆಚ್ಚು ಕಾಲ ಇಬ್ಬಿಬ್ಬರು ಎಂಪಿಗಳನ್ನು ಆರಿಸಿ ಕಳಿಸಿರಲಿಲ್ಲ.

ಮೊದಲು ಅಲ್ಲಿ ಊರಿತ್ತು, ಸುಳ್ಳಲ್ಲ. ನಾರ್ಮನ್ ಅರಸರ ಕೋಟೆ, 1092ರಲ್ಲಿ ಪ್ರತಿಷ್ಠೆಯಾದ ಕೆಥೆಡ್ರಲ್, ಪೇಟೆ. ಆದರೆ ನೀರಿಗೆ ಬರ, ಮೇಲೆ ಆ ಗಾಳಿ, ಸಾಲದ್ದಕ್ಕೆ ಕೋಟೆಯ ಸಿಪಾಯಿಗಳಿಗೂ ಪಾದ್ರಿಗಳಿಗೂ ನಿತ್ಯ ಜಗಳ. ಕೊನೆಗೆ ಬಿಷಪ್ ರಿಚರ್ಡ್ ಪೂರ್ 1220ರಲ್ಲಿ ಕೆಳಗಿನ ಬಯಲಿನಲ್ಲಿ, ನದೀ ದಂಡೆಯಲ್ಲಿ ಹೊಸ ಕೆಥೆಡ್ರಲ್‌ಗೆ ಅಡಿಗಲ್ಲು ಹಾಕಿಸಿದ. ದೇವರು ಇಳಿದ ಮೇಲೆ ಭಕ್ತರು ಇಳಿಯದೇ ಇರುತ್ತಾರೆಯೇ? ಅಂಗಡಿ ಇಳಿಯಿತು, ಮನೆ ಇಳಿಯಿತು. ಹಳೇ ಕೆಥೆಡ್ರಲ್‌ನ ಕಲ್ಲುಗಳೂ ಆಮೇಲೆ ಕೆಳಗೇ ಇಳಿದವು.

ಈಗ ಇಸವಿ ಗಮನಿಸಿ. ಜನ ಇಳಿಯತೊಡಗಿದ್ದು 1220ರ ಆಸುಪಾಸು. ಓಲ್ಡ್ ಸೇರಂಗೆ ಪಾರ್ಲಿಮೆಂಟಿನಲ್ಲಿ ಎರಡು ಸೀಟು ಸಿಕ್ಕಿದ್ದು 1295ರಲ್ಲಿ, ಮೊದಲನೇ ಎಡ್ವರ್ಡನ ಕಾಲದಲ್ಲಿ. ಅಂದರೆ ಊರು ಖಾಲಿಯಾಗುತ್ತಿದ್ದಾಗ ಕ್ಷೇತ್ರ ಹುಟ್ಟಿತು! ಅದಕ್ಕೇ ಈ ‘ಕೊಳೆತ’ ಅನ್ನುವ ಪದ ನನಗೆ ಒಪ್ಪಿಗೆಯಿಲ್ಲ. ಕೊಳೆಯುವುದು ಅಂದರೆ ತಾನಾಗಿ ಆಗುವಂಥದ್ದು, ಬುಟ್ಟಿಯಲ್ಲಿಟ್ಟ ಟೊಮೆಟೊ ಥರ. ಇದು ತಾನಾಗಿ ಆದದ್ದಲ್ಲ. ಜನ ನಡೆದು ಹೋಗುತ್ತಾರೆ, ಕ್ಷೇತ್ರದ ಗೆರೆ ನಡೆಯುವುದಿಲ್ಲ. ಗೆರೆಯಿಂದ ಯಾರಿಗೆ ಲಾಭವೋ ಅವರು ಅದನ್ನು ನಡೆಯಲು ಬಿಡುವುದೂ ಇಲ್ಲ. ಈ ಮಾತನ್ನು ಇನ್ನೆರಡು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಾಗಾದರೆ ವೋಟು ಯಾರದು? ಮನುಷ್ಯರದ್ದಲ್ಲ, ನಿವೇಶನದ್ದು. ಒಂದು ಕಾಲಕ್ಕೆ ಮನೆ ನಿಂತಿದ್ದ ಇಂತಿಷ್ಟು ಹಳೇ ಜಾಗಗಳ ಹಿಡುವಳಿ ಯಾರ ಹೆಸರಲ್ಲಿದೆಯೋ ಅವರಿಗೆ ವೋಟು. ಮನೆ ಬಿದ್ದು ಆ ಜಾಗದಲ್ಲಿ ಗೋಧಿ ಬೆಳೆಯುತ್ತಿದ್ದರೂ ವೋಟು ಅಲ್ಲೇ ಇರುತ್ತದೆ. ಅಷ್ಟೂ ಜಾಗಕ್ಕೆ ಒಡೆಯ ಒಬ್ಬನೇ. ಅವನು ಚುನಾವಣೆಗೆ ಮುಂಚೆ ಪರಿಚಯದವರ ಹೆಸರಿಗೆ ಪತ್ರ ಮಾಡಿಸುತ್ತಾನೆ, ವೋಟು ಮುಗಿದ ಮೇಲೆ ವಾಪಸು ಪಡೆಯುತ್ತಾನೆ. ನಮ್ಮ ಪಹಣಿ ಇದ್ದ ಹಾಗೆ ಅಂದುಕೊಳ್ಳಿ. ಪಹಣಿಗೆ ವೋಟು ಕೊಟ್ಟರೆ ಏನೇನಾದೀತು ಅಂತ ನಮ್ಮ ತಾಲ್ಲೂಕು ಆಫೀಸು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಚುನಾವಣೆ ನಡೆಸುವ ಅಧಿಕಾರಿಯೂ ಒಡೆಯನೇ ನೇಮಿಸಿದ ಪಾರುಪತ್ಯಗಾರ. ಮತಗಟ್ಟೆ ಅಂದರೆ ಗುಡ್ಡದ ಕೆಳಗಿನ ಹೊಲದಲ್ಲಿ ಒಂದು ಎಲ್ಮ್ ಮರ. ‘ಪಾರ್ಲಿಮೆಂಟ್ ಮರ’ ಅಂತಲೇ ಅದರ ಹೆಸರು. ಮರದಡಿ ಬೆರಳೆಣಿಕೆಯ ಮತದಾರರು, ಬಹುತೇಕ ಎಲ್ಲರೂ ಪರಊರಿನವರು. ಇಬ್ಬರ ಹೆಸರು ಓದುವುದು, ಆಯಿತು ಅನ್ನುವುದು, ಊಟಕ್ಕೆ ಹೋಗುವುದು.

ಈಗ ನನ್ನ ಪ್ರೀತಿಯ ಮನುಷ್ಯನಿಗೆ ಬರುತ್ತೇನೆ, ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಇಲ್ಲದೆ ಹಿಂದೂಸ್ಥಾನದಲ್ಲಿ ಕಳ್ಳವ್ಯಾಪಾರ ಮಾಡಿ, ಕಂಪನಿಯ ಕೈಲಿ ಕೋರ್ಟು ದಂಡ ಎಲ್ಲ ಮಾಡಿಸಿಕೊಂಡು, ಕೊನೆಗೆ ಅದೇ ಕಂಪನಿ 1698ರಲ್ಲಿ ಅವನನ್ನೇ ಮದ್ರಾಸಿನ ಗವರ್ನರ್ ಮಾಡಿತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟರೆ ಮನೆ ಭದ್ರ ಅಂತ ಲೆಕ್ಕ ಇದ್ದಿರಬೇಕು. ಅದಕ್ಕೂ ಮುಂಚೆಯೇ, 1691ರ ಸುಮಾರಿಗೆ, ಅವನು ಓಲ್ಡ್ ಸೇರಂ ಕೊಂಡಿದ್ದ.

1701ರ ಡಿಸೆಂಬರ್. ಜಾಮ್‌ಚಂದ್ ಅನ್ನುವ ದೊಡ್ಡ ವಜ್ರದ ವ್ಯಾಪಾರಿ ಪಿಟ್ಟನ ಹತ್ತಿರ ಒಂದು ಕಲ್ಲು ತಂದ. ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯದ್ದು, 410 ಕ್ಯಾರೆಟ್. ಬೆಲೆ ಎಷ್ಟು ಅಂದರೆ ಎರಡು ಲಕ್ಷ ವರಹ ಅಂದ. ಪಿಟ್ ಮೂವತ್ತು ಸಾವಿರ ಅಂದ. ಅವೆನ್ಯೂ ರಸ್ತೆಯಲ್ಲಿ ಹೀಗೆ ಕೇಳಿದರೆ ಏನಂತಾರೆ ಗೊತ್ತಲ್ಲ? ಜಾಮ್‌ಚಂದ್ ಮರ್ಯಾದಸ್ಥ, ಕಲ್ಲು ಕಟ್ಟಿಕೊಂಡು ಹೋದ. ತಿಂಗಳುಗಳು ಕಳೆದವು, ಮತ್ತೆ ಬಂದ. ಇಳಿಯುತ್ತಾ ಇಳಿಯುತ್ತಾ ಐವತ್ತೈದು ಸಾವಿರಕ್ಕೆ ಬಂದ. ಪಿಟ್ ಏರುತ್ತಾ ನಲವತ್ತೈದಕ್ಕೆ ಬಂದ. ಅಲ್ಲಿಗೆ ಇಬ್ಬರೂ ಬಿಗಿ. ಕೈ ಮುಗಿದು ಸ್ನೇಹದಿಂದಲೇ ಬೀಳ್ಕೊಂಡರು. ಒಂದು ಗಂಟೆ ಕಳೆದಿರಲಿಲ್ಲ, ಆಳು ಬಂದು, ಜಾಮ್‌ಚಂದ್ ಬಾಗಿಲಲ್ಲಿ ನಿಂತಿದ್ದಾನೆ ಅಂದ. ಚೌಕಾಸಿಯಲ್ಲಿ ಅಂಗಡಿ ಬಿಟ್ಟು ಹೋಗುವುದು ಗಿರಾಕಿಯ ಹಕ್ಕು. ಇಲ್ಲಿ ಹೋದವನೂ ಮಾರುವವನು, ತಿರುಗಿ ಬಂದವನೂ ಮಾರುವವನು! ನಲವತ್ತೆಂಟು ಸಾವಿರ ವರಹಕ್ಕೆ ವ್ಯಾಪಾರ ಕುದುರಿತು. ಇಂಗ್ಲಿಷ್ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಪೌಂಡ್ ಚಿಲ್ಲರೆ. 1717ರಲ್ಲಿ ಫ್ರಾನ್ಸಿನ ಬಾಲರಾಜನ ಪರವಾಗಿ ಆಳುತ್ತಿದ್ದ ರೀಜೆಂಟನಿಗೆ ಪಿಟ್ ಅದನ್ನು ಮಾರಿದ್ದು 1,35,000 ಪೌಂಡಿಗೆ. ಈಗ ಆ ವಜ್ರ ಪ್ಯಾರಿಸಿನ ಲೂವ್ರ್‌ನಲ್ಲಿದೆ, ಕೊಲ್ಲೂರು ಗಣಿ ಜಲಾಶಯದಡಿ ಇದೆ.

ಈ ಚೌಕಾಸಿ ನಮಗೆ ಗೊತ್ತಾಗಿದ್ದು ಹೇಗೆ? ಪಿಟ್ಟನೇ ಬರೆದಿಟ್ಟ. ಗಣಿಯ ಕೂಲಿಯೊಬ್ಬ ತನ್ನ ಕಾಲಿನ ಗಾಯದೊಳಗೆ ಆ ಕಲ್ಲು ಬಚ್ಚಿಟ್ಟು ಓಡಿಬಂದ, ಅವನನ್ನು ಯಾರೋ ಕೊಂದರು ಅಂತೆಲ್ಲ ಕಥೆ ಹಬ್ಬಿತ್ತು. ಪಿಟ್ಟನ ಮೇಲೂ ಗುಸುಗುಸು. ಅದಕ್ಕೆ 1710ರಲ್ಲಿ ಊರಿಗೆ ಹಿಂತಿರುಗುವ ದಾರಿಯಲ್ಲಿ, ನಾರ್ವೆಯ ಬರ್ಗನ್ ಬಂದರಿನಲ್ಲಿ ಕೂತು, ದೇವರ ಮೇಲೆ ಪ್ರಮಾಣ ಮಾಡಿ ಈ ವ್ಯಾಪಾರದ ಪೂರ್ತಿ ವರದಿ ಬರೆದ. ಪಿಟ್ಟನ ಬಾಯಲ್ಲಿ ಜಾಮ್‌ಚಂದನ ಮಾತು ಕೇಳುತ್ತಿದ್ದೇವೆ, ಅದು ನೆನಪಿರಲಿ. ಇನ್ನೊಂದು, ಓಲ್ಡ್ ಸೇರಂ ಅನ್ನು ವಜ್ರದ ದುಡ್ಡಿನಿಂದ ಕೊಂಡ ಅಂತ ಉತ್ಸಾಹಿಗಳು ಭಾಷಣದಲ್ಲಿ ಹೇಳುತ್ತಾರೆ. ನಾನೂ ಹಿಂದೆ ಇದೇ ವೇದಿಕೆಯಲ್ಲಿ ಹೇಳಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ತಪ್ಪು. ಕೊಂಡದ್ದು ಹತ್ತು ವರ್ಷ ಮೊದಲು, ಕಳ್ಳವ್ಯಾಪಾರದ ದುಡ್ಡಿನಲ್ಲಿ. ಚಪ್ಪಾಳೆ ವಾಪಸು ತೆಗೆದುಕೊಳ್ಳಿ.

ಪಿಟ್ ತಾನೇ ಹಲವು ಸಲ ಆ ಕ್ಷೇತ್ರದ ಎಂಪಿಯಾದ. ಆಮೇಲೆ ಅದು ಮನೆಯ ಆಸ್ತಿ. 1735ರಲ್ಲಿ ಅವನ ಮೊಮ್ಮಗ ವಿಲಿಯಂ ಪಿಟ್, ಇಪ್ಪತ್ತಾರರ ಹುಡುಗ, ಅಣ್ಣ ಬೇರೆ ಸೀಟು ಇಟ್ಟುಕೊಂಡು ಇದನ್ನು ಬಿಟ್ಟಾಗ ಇಲ್ಲಿಂದ ಪಾರ್ಲಿಮೆಂಟಿಗೆ ಹೋದ. ಮುಂದೆ ಪ್ರಧಾನಿ, ಅರ್ಲ್ ಆಫ್ ಚ್ಯಾಟಂ, ಎಲ್ಲ ಆದ. ಇದನ್ನು ಹಿಡಿದುಕೊಂಡು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ: ನೋಡಿ, ಇಂಥ ಕ್ಷೇತ್ರಗಳಿಲ್ಲದಿದ್ದರೆ ದುಡ್ಡಿಲ್ಲದ ಪ್ರತಿಭಾವಂತ ಹುಡುಗ ಒಳಗೆ ಬರುವುದು ಹೇಗೆ ಅಂತ. ವಾದಕ್ಕೆ ಹಲ್ಲಿಲ್ಲ ಅನ್ನಲಾರೆ. ಆದರೆ ಅದೇ ಪಿಟ್ 1766ರಲ್ಲಿ, ಅಮೆರಿಕದ ಸ್ಟ್ಯಾಂಪ್ ತೆರಿಗೆಯ ಚರ್ಚೆಯಲ್ಲಿ ಎದ್ದು ನಿಂತು ಏನಂದ? ಇದು ನಮ್ಮ ಸಂವಿಧಾನದ ಕೊಳೆತ ಭಾಗ, ತಾನಾಗಿ ಉದುರದಿದ್ದರೆ ಕತ್ತರಿಸಿ ಹಾಕಬೇಕಾಗುತ್ತದೆ ಅಂದ. ಹತ್ತಿದ ಏಣಿಯ ಬಗ್ಗೆ ಹೀಗೆ ಹೇಳಲು ಎದೆಗಾರಿಕೆ ಬೇಕು. ಹತ್ತಿಯಾದ ಮೇಲೆ ಹೇಳಿದ ಅನ್ನುವುದೂ ನಿಜ.

ಅವನ ಮಗ ಕಿರಿಯ ಪಿಟ್ ಪ್ರಧಾನಿಯಾಗಿ 1785ರಲ್ಲಿ ಮೂವತ್ತಾರು ಇಂಥ ಕ್ಷೇತ್ರಗಳನ್ನು ರದ್ದು ಮಾಡೋಣ, ಒಡೆಯರಿಗೆ ಹತ್ತು ಲಕ್ಷ ಪೌಂಡ್ ಪರಿಹಾರ ಕೊಡೋಣ ಅಂದ. 248–174ರಲ್ಲಿ ಸೋತ. ಜನರ ಪ್ರಾತಿನಿಧ್ಯಕ್ಕೆ ಒಡೆಯರಿಗೆ ಪರಿಹಾರ! ಗೆರೆ ನಡೆಯಬೇಕಾದರೆ ಅದಕ್ಕೆ ಕೂಲಿ ಕೊಡಬೇಕಿತ್ತು, ಕೊಡುತ್ತೇನೆ ಅಂದರೂ ಅದು ಅಲುಗಲಿಲ್ಲ.

ಆಮೇಲಿನ ಒಡೆಯ ಎರಡನೇ ಲಾರ್ಡ್ ಕ್ಯಾಮೆಲ್‌ಫರ್ಡ್, ಅದೇ ಪಿಟ್ ವಂಶದ ಪುಂಡ. 1801ರಲ್ಲಿ ಹಾರ್ನ್ ಟೂಕ್ ಅನ್ನುವ ಪಾದ್ರಿಯನ್ನು ಇಲ್ಲಿಂದ ಗೆಲ್ಲಿಸಿ ಕಳಿಸಿದ. ಟೂಕ್ ಸರ್ಕಾರದ ಕಣ್ಣಿಗೆ ಮುಳ್ಳಾಗಿದ್ದ ಸುಧಾರಣಾವಾದಿ; ಕೊಳೆತ ಕ್ಷೇತ್ರದಿಂದ ಬಂದ ಸುಧಾರಣಾವಾದಿ, ಅದೂ ಒಂದು ಚಂದ. ಅವನನ್ನು ತಡೆಯಲು ಪಾದ್ರಿಗಳು ಎಂಪಿಗಳಾಗಕೂಡದು ಅಂತ ಕಾನೂನೇ ಮಾಡಿದರು. ಬಿಳೀ ಮನುಷ್ಯನ ಕರೀ ಕೋಟು, ಅಂದರೆ ಪಾದ್ರಿಯ ಕೋಟು, ಬೇಡವಾದರೆ ಬಿಳೀ ಕೋಟಿನ ಕರೀ ಮನುಷ್ಯನನ್ನು, ಅಂದರೆ ನನ್ನ ಸೇವಕನನ್ನೇ ಕಳಿಸುತ್ತೇನೆ ಅಂತ ಕ್ಯಾಮೆಲ್‌ಫರ್ಡ್ ಗದರಿಸಿದನಂತೆ. ಮಾತು ನಿಜವೋ ಕಟ್ಟಿದ್ದೋ, ಕಳಿಸಿದ್ದರೆ ಗೆಲ್ಲುತ್ತಿದ್ದ ಅನ್ನುವುದು ಮಾತ್ರ ಖಂಡಿತ. ಆ ಕಾನೂನು ರದ್ದಾಗಿದ್ದು 2001ರಲ್ಲಿ, ಸರಿಯಾಗಿ ಇನ್ನೂರು ವರ್ಷದ ಮೇಲೆ.

ಚೀಟಿ ಬಂತು. “ಹತ್ತು ನಿಮಿಷ.” ಇನ್ನೂ ಅರ್ಧ ಇದೆ, ಓಡಿಸುತ್ತೇನೆ.

1802ರಲ್ಲಿ ಗುಡ್ಡವನ್ನು ಕ್ಯಾಲೆಡನ್ ಅರ್ಲ್‌ಗೆ ಮಾರಿದರು, ಅರವತ್ತು ಸಾವಿರ ಪೌಂಡಿಗೆ ಅಂತ ಪ್ರತೀತಿ. ಜಮೀನಿನ ಹುಟ್ಟುವಳಿ ವರ್ಷಕ್ಕೆ ಏಳುನೂರೂ ದಾಟುತ್ತಿರಲಿಲ್ಲ, ಉಳಿದದ್ದೆಲ್ಲ ಎರಡು ಸೀಟಿನ ಬೆಲೆ. ಈ ಅರ್ಲ್‌ನ ಹೆಸರು ಡು ಪ್ರೆ ಅಲೆಕ್ಸಾಂಡರ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? 1769ರಲ್ಲಿ ನಮ್ಮ ಹೈದರಾಲಿ ಕುದುರೆ ಸವಾರರೊಂದಿಗೆ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತು, ಮಾತುಕತೆಗೆ ಡು ಪ್ರೆಯನ್ನೇ ಕಳಿಸಿ ಅಂದನಲ್ಲ, ಆ ಡು ಪ್ರೆ, ಮರುವರ್ಷ ಗವರ್ನರ್ ಆದವನು, ಈ ಅರ್ಲ್‌ನ ಸೋದರತ್ತೆಯ ಗಂಡ. ಅಪ್ಪ ದುಡಿದದ್ದೂ ಕಂಪನಿಯ ನೌಕರಿಯಲ್ಲೇ. ಪಿಟ್ಟನದ್ದೂ ಮದ್ರಾಸಿನ ದುಡ್ಡು, ಇವನದ್ದೂ ಹಿಂದೂಸ್ಥಾನದ ದುಡ್ಡು. ಆರ್ಕಾಟ್ ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಪಾಲ್ ಬೆನ್‌ಫೀಲ್ಡ್ ತಾನೂ ಸೇರಿ ಎಂಟು ಎಂಪಿಗಳನ್ನು ಮಾಡಿದ್ದಾನೆ ಅಂತ ಎಂಪಿ ಎಡ್ಮಂಡ್ ಬರ್ಕ್ 1785ರಲ್ಲಿ ಕೂಗಿ ಹೇಳಿದ್ದ. ನಮ್ಮ ಕಡೆಯ ರೈತನ ಬೆವರು ಅಲ್ಲಿನ ಗೆರೆಯನ್ನು ಅಲುಗದ ಹಾಗೆ ಹಿಡಿದಿತ್ತು. ಇದು ಎರಡು ಅಂಕದ ಉತ್ತರದಲ್ಲಿ ಬರುವುದಿಲ್ಲ.

ಅತ್ತ ಮ್ಯಾಂಚೆಸ್ಟರ್ ಬೆಳೆಯುತ್ತಿತ್ತು. ಮೂರು ಮನೆಯೂ ಇಲ್ಲದ ಓಲ್ಡ್ ಸೇರಂಗೆ ಇಬ್ಬರು, ಅರವತ್ತು ಸಾವಿರ ಜನರ ಮ್ಯಾಂಚೆಸ್ಟರ್‌ಗೆ ಒಬ್ಬನೂ ಇಲ್ಲ ಅಂತ ಲೇಖಕ ಥಾಮಸ್ ಪೇನ್ ಬರೆದದ್ದು 1791ರಲ್ಲಿ. 1819ರಲ್ಲಿ ಅದೇ ಊರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೀಟು ಕೇಳಲು ಸೇರಿದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಪತ್ರಕರ್ತ ವಿಲಿಯಂ ಕಾಬೆಟ್ ಈ ಗುಡ್ಡವನ್ನು ‘ಶಾಪಗ್ರಸ್ತ ಗುಡ್ಡ’ ಅಂತಲೇ ಕರೆಯುತ್ತಿದ್ದ. 1830ರ ನವೆಂಬರ್ 2ರಂದು ಪ್ರಧಾನಿ ವೆಲ್ಲಿಂಗ್ಟನ್, ಅಂದರೆ 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನ ಕತ್ತಲೆಯಲ್ಲಿ ದಾರಿ ತಪ್ಪಿ ಒದ್ದಾಡಿದ ಆರ್ಥರ್ ವೆಲ್ಲೆಸ್ಲಿ, ಈಗಿರುವ ಪ್ರಾತಿನಿಧ್ಯದ ವ್ಯವಸ್ಥೆಗಿಂತ ಉತ್ತಮವಾದದ್ದನ್ನು ಊಹಿಸಲೂ ಆಗದು ಅನ್ನುವ ಅರ್ಥದಲ್ಲಿ ಮಾತಾಡಿದ. ಎರಡು ವಾರದಲ್ಲಿ ಸರ್ಕಾರ ಹೋಯಿತು. ಆಮೇಲೆ ಅವನ ಮನೆಯ ಕಿಟಕಿಗಳಿಗೂ ಕಲ್ಲು ಬಿತ್ತು.

1831ರ ಮಾರ್ಚ್ 1ಕ್ಕೆ ಲಾರ್ಡ್ ಜಾನ್ ರಸೆಲ್ ಇಂಥ ಕ್ಷೇತ್ರಗಳನ್ನು ರದ್ದು ಮಾಡುವ ಮಸೂದೆ ಮಂಡಿಸಿದ. ಹೊರಗಿನವನೊಬ್ಬ ನಮ್ಮ ದೇಶಕ್ಕೆ ಬಂದರೆ ಅವನನ್ನು ಒಂದು ಹಸಿರು ದಿಬ್ಬಕ್ಕೆ ಕರೆದುಕೊಂಡು ಹೋಗಿ, ಇದು ಇಬ್ಬರು ಪ್ರತಿನಿಧಿಗಳನ್ನು ಕಳಿಸುತ್ತದೆ ಅಂತ ತೋರಿಸಬೇಕಲ್ಲ ಅಂದ. ಎರಡನೇ ವಾಚನದಲ್ಲಿ ಮಸೂದೆ ಗೆದ್ದದ್ದು 302–301. ಒಂದು ವೋಟು! ಹಿಂದಿನ ಸಾಲು, ಕೇಳಿಸಿತೇ? ಮೇಲ್ಮನೆ, ಅಂದರೆ ಲಾರ್ಡ್ಸ್ ಸಭೆ ತಿರಸ್ಕರಿಸಿತು, ಗಲಭೆಗಳಾದವು, ಅದು ದೊಡ್ಡ ಕಥೆ. 1832ರ ಜೂನ್ 7ಕ್ಕೆ ರಾಜನ ಅಂಕಿತ ಬಿತ್ತು. ಐವತ್ತಾರು ಕ್ಷೇತ್ರ ರದ್ದು, ಮ್ಯಾಂಚೆಸ್ಟರ್‌ಗೆ ಇಬ್ಬರು.

ಎರಡನೇ ಚೀಟಿ. ಸಮುದ್ರ ನುಂಗಿದ ಡನ್‌ವಿಚ್ ಕ್ಷೇತ್ರದ ಕಥೆ ಇತ್ತು, ಕಾಫಿ ಹೊತ್ತಿಗೆ ಕೇಳಿ. ನಮ್ಮಲ್ಲಿ 1971ರ ಜನಗಣತಿಯ ಲೆಕ್ಕಕ್ಕೆ ಲೋಕಸಭೆಯ ಸೀಟುಗಳನ್ನು ಕಟ್ಟಿಹಾಕಿ, ಅದನ್ನು ಬಿಚ್ಚುವುದೋ ಬೇಡವೋ, ಬಿಚ್ಚಿದರೆ ನಮ್ಮ ಕರ್ನಾಟಕದ 28 ಸೀಟು ಏನಾಗುತ್ತದೆ ಅನ್ನುವುದಕ್ಕೂ ಒಂದು ಪುಟ ಬರೆದು ತಂದಿದ್ದೆ. ಅಲ್ಲಿ ಗೆರೆ ನಿಂತರೂ ಪೆಟ್ಟು, ನಡೆದರೂ ಪೆಟ್ಟು. ಓಲ್ಡ್ ಸೇರಂನಷ್ಟು ಸುಲಭದ ಪ್ರಶ್ನೆ ಅದಲ್ಲ, ಎರಡು ನಿಮಿಷದಲ್ಲಿ ಹೇಳುವುದಿಲ್ಲ. ಪುಟ ಮಡಿಸಿದೆ.

ಮುಂದೆ ಕೂತ ಹುಡುಗಿಯೊಬ್ಬಳು ಆಗಿನಿಂದ ಕೈ ಎತ್ತಿದ್ದಾಳೆ. ಕೇಳಮ್ಮಾ. ... ಹಾಂ, ಒಳ್ಳೇ ಪ್ರಶ್ನೆ, ಆ ಪರಿಹಾರ ಏನಾಯಿತು ಅಂತ. 1785ರಲ್ಲಿ ಹತ್ತು ಲಕ್ಷ ಕೊಡುತ್ತೇನೆ ಅಂದಾಗ ಬೇಡ ಅಂದರಲ್ಲ. 1832ರಲ್ಲಿ ಯಾರಿಗೂ ಏನೂ ಕೊಡಲಿಲ್ಲ. ಅರವತ್ತು ಸಾವಿರ ಸುರಿದ ಕ್ಯಾಲೆಡನ್ ಅರ್ಲ್‌ಗೆ ಒಂದು ಪೆನ್ನಿ ಸಿಗಲಿಲ್ಲ, ಗುಡ್ಡ ಮಾತ್ರ ಇತ್ತು.