ಹಿಡಿಯಲ್ಲಿ ಹಣ ಉಳಿಸಿ, ಮೌಂಟಿನಲ್ಲಿ ಬೇಡ

ನಮಸ್ಕಾರ. ಮೈಸೂರಿನಲ್ಲಿ ಏರ್ ರೈಫಲ್ ಅಭ್ಯಾಸಕ್ಕೆ ಬರುವ ಮಕ್ಕಳ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕಡಿಮೆ ಬೆಲೆಯ ಗ್ರಿಪ್ಪನ್ನೂ (ಕೈಯಲ್ಲಿ ಹಿಡಿಯುವ ಹಿಡಿ) ಸ್ಕೋಪ್ ಮೌಂಟನ್ನೂ (ಗುರಿ ನೋಡುವ ದುರ್ಬೀನನ್ನು ರೈಫಲ್ಲಿಗೆ ಬಿಗಿಯುವ ಹಿಡಿಕೆ) ಹಾಕಿಸಿಕೊಳ್ಳಬಹುದೇ? ಗ್ರಿಪ್ಪಿನ ವಿಷಯದಲ್ಲಿ ಧಾರಾಳವಾಗಿ ಹಾಕಿಸಿಕೊಳ್ಳಿ ಎನ್ನುತ್ತೇನೆ, ಮೌಂಟಿನ ವಿಷಯದಲ್ಲಿ ಖಂಡಿತ ಬೇಡ ಎನ್ನುತ್ತೇನೆ. ಗ್ರಿಪ್ ಸರಿಯಿಲ್ಲದಿದ್ದರೆ ಅರ್ಧ ಗಂಟೆಯೊಳಗೆ ಮಣಿಕಟ್ಟು ನೋಯುತ್ತದೆ, ತಪ್ಪು ಎಲ್ಲಿದೆಯೆಂದು ಕೈಯೇ ತಿಳಿಸುತ್ತದೆ. ಮೌಂಟ್ ಸರಿಯಿಲ್ಲದಿದ್ದರೆ ಯಾವ ನೋವೂ ಆಗುವುದಿಲ್ಲ. ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಗುರಿ ತಪ್ಪಿದ್ದಕ್ಕೆ ತಾನೇ ಕಾರಣವೆಂದು ಮಗು ನಂಬಿಬಿಡುತ್ತದೆ.

ಇದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ತಂಗಿಯ ಮಗ ಸ್ಪ್ರಿಂಗ್ ರೈಫಲ್ಲಿಗೆ (ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಒತ್ತಿ ಪೆಲೆಟ್ ಹಾರಿಸುವ ಏರ್ ರೈಫಲ್) ತೀರ ಅಗ್ಗದ ಮೌಂಟ್ ಹಾಕಿಸಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿದ. ಅಂಕ ದಿನದಿಂದ ದಿನಕ್ಕೆ ಇಳಿಯಿತು. ನಾವು ಅವನ ನಿಲುವನ್ನು ತಿದ್ದಿದೆವು, ಉಸಿರು ಹಿಡಿಯುವ ಕ್ರಮವನ್ನು ತಿದ್ದಿದೆವು, ಗಮನವಿಲ್ಲವೆಂದು ಒಂದೆರಡು ಸಲ ಗದರಿದ್ದೂ ಉಂಟು. ಕೊನೆಗೊಂದು ದಿನ ಸ್ಕೋಪನ್ನು ಬಿಚ್ಚಿ ನೋಡಿದಾಗ ಮೌಂಟ್ ತನ್ನ ಜಾಗದಿಂದ ಹಿಂದಕ್ಕೆ ಜಾರಿದ ಗೀರು ಲೋಹದ ಮೇಲೆ ಎದ್ದು ಕಾಣುತ್ತಿತ್ತು. ಆ ಗದರಿಕೆಗಾಗಿ ನನಗೆ ಈಗಲೂ ಬೇಸರವಿದೆ.

ಸ್ಪ್ರಿಂಗ್ ರೈಫಲ್ಲಿನಲ್ಲಿ ಹೀಗಾಗುವುದಕ್ಕೆ ಸ್ಪಷ್ಟವಾದ ಕಾರಣವಿದೆ. ಕುದುರೆ (ಟ್ರಿಗರ್) ಎಳೆದಾಗ ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ಥಟ್ಟನೆ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ, ಆದರೆ ಅದರ ಮೇಲಿರುವ ಸ್ಕೋಪ್ ತನ್ನ ಭಾರದಿಂದಾಗಿ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಾಗಾಗಿ ಪ್ರತಿ ಹೊಡೆತಕ್ಕೂ ಮೌಂಟ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಇದನ್ನು ತಡೆಯಲು ಒಳ್ಳೆಯ ಮೌಂಟಿನ ಅಡಿಯಲ್ಲಿ ಒಂದು ಸ್ಟಾಪ್ ಪಿನ್ ಇರುತ್ತದೆ, ಅದು ರೈಫಲ್ಲಿನ ಮೇಲಿರುವ ರಂಧ್ರದಲ್ಲಿ ಕೂರುತ್ತದೆ. ಅಗ್ಗದ ಮೌಂಟುಗಳಲ್ಲಿ ಎಷ್ಟೋ ಸಲ ಆ ಪಿನ್ನೇ ಇರುವುದಿಲ್ಲ.

ಲೆಕ್ಕವನ್ನೂ ಒಮ್ಮೆ ನೋಡಿ. ಸ್ಕೋಪನ್ನು ಹಿಡಿದಿಡುವ ಮೌಂಟಿನ ಎರಡು ರಿಂಗುಗಳ ನಡುವೆ 100 ಮಿಲಿಮೀಟರ್ ಅಂತರವಿದ್ದು, ಒಂದು ರಿಂಗ್ 0.1 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೆ, 10 ಮೀಟರ್ ದೂರದಲ್ಲಿ ಗುರಿ 10 ಮಿಲಿಮೀಟರ್ ತಪ್ಪುತ್ತದೆ. ಏರ್ ರೈಫಲ್ ಟಾರ್ಗೆಟ್ಟಿನಲ್ಲಿ ಒಂದು ವಲಯದಿಂದ ಇನ್ನೊಂದಕ್ಕಿರುವ ದೂರ 2.5 ಮಿಲಿಮೀಟರ್, ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಎಂದರೆ ಕಣ್ಣಿಗೆ ಕಾಣದ ಸಡಿಲಿಕೆಯೊಂದು ಮಗುವಿನ ನಾಲ್ಕು ಅಂಕಗಳನ್ನು ನುಂಗಬಲ್ಲದು. ಅಂತರರಾಷ್ಟ್ರೀಯ ನಿಯಮದ 10 ಮೀಟರ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಮಾತ್ರ. ಆದರೆ ಪೀಪ್ ಸೈಟ್ ಕೂಡ ಸಾಮಾನ್ಯವಾಗಿ ಮೌಂಟ್ ಕೂರುವ ಅದೇ 11 ಮಿಲಿಮೀಟರಿನ ಡವ್‌ಟೇಲನ್ನು (ರೈಫಲ್ಲಿನ ಮೇಲಿರುವ ಓರೆ ಅಂಚಿನ ಪಟ್ಟಿ) ಕಚ್ಚಿ ಹಿಡಿಯಬೇಕಾದ್ದರಿಂದ ಈ ಮಾತು ಅದಕ್ಕೂ ಸಲ್ಲುತ್ತದೆ.

ಗ್ರಿಪ್ಪಿನ ಮಾತೇ ಬೇರೆ. ಬೀಟೆಮರದಲ್ಲಿ ಕುಸುರಿ ಮಾಡುವ ಕೈಗಳಿರುವ ಊರು ನಮ್ಮದು. ಅಂಗೈಯ ಅಚ್ಚಿಗೆ ತಕ್ಕಂತೆ ಮರದ ಹಿಡಿಯನ್ನು ಉಜ್ಜಿ ಕೊಡುವ ಬಡಗಿ ಇಲ್ಲಿ ಸಿಗದಿದ್ದರೆ ಮತ್ತೆಲ್ಲಿ ಸಿಗಬೇಕು? ದೊಡ್ಡ ಸ್ಪರ್ಧೆಗಳಿಗೆ ಹೋಗುವ ಶೂಟರುಗಳೂ ಹಿಡಿಗೆ ಮರದ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿದ್ದಿಕೊಳ್ಳುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಬೆವರಿ ಜಾರುವ ಕೈಗೆ ಟೆನಿಸ್ ರ್‍ಯಾಕೆಟ್ಟಿನ ಟೇಪು ಸಾಕು. ನೋಡಬೇಕಾದದ್ದು ಇಷ್ಟೇ: ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಕುದುರೆಯನ್ನು ನೇರವಾಗಿ ಹಿಂದಕ್ಕೆ ಎಳೆಯುವಂತಿರಬೇಕು, ಆ ಬೆರಳು ಮರಕ್ಕೆ ತಾಗಬಾರದು. ಸ್ಪರ್ಧೆಗೆ ಹೋಗುವವರು ಸೈಟ್ ಸಮೇತ ಒಟ್ಟು ತೂಕ 5.5 ಕಿಲೋ ಮೀರದಂತೆ ನೋಡಿಕೊಳ್ಳಬೇಕು.

ಏರ್ ರೈಫಲ್ ಅಲ್ಲದೆ ಮದ್ದುಗುಂಡಿನ, ಲೈಸೆನ್ಸಿರುವ .22 ಅಥವಾ .315 ರೈಫಲ್ ಇಟ್ಟುಕೊಂಡವರಿಗೆ ಒಂದು ಮಾತು. ಮೌಂಟ್ ಕೂರಿಸಲು ಲೋಹಕ್ಕೆ ರಂಧ್ರ ಕೊರೆಯುವ ಕೆಲಸವನ್ನು ಲೇತ್ ಅಂಗಡಿಗೆ ಒಪ್ಪಿಸಬೇಡಿ. ಲೈಸೆನ್ಸ್ ಪಡೆದ ಕೋವಿ ರಿಪೇರಿಯವರೇ ಅದನ್ನು ಮಾಡಬೇಕು.

ಒಟ್ಟು ಹಣ ಕಡಿಮೆಯಿದ್ದರೆ ಸ್ಕೋಪನ್ನೇ ಒಂದು ಹಂತ ಕೆಳಗಿಳಿಸಿ, ಮೌಂಟನ್ನು ಇಳಿಸಬೇಡಿ. ಕೂರಿಸುವ ಮುನ್ನ ಡವ್‌ಟೇಲಿನ ಎಣ್ಣೆಯನ್ನು ಪೂರ್ತಿ ಒರೆಸಿ, ಸ್ಟಾಪ್ ಪಿನ್ ರಂಧ್ರದಲ್ಲಿ ಕೂತಿದೆಯೇ ನೋಡಿ, ತಿರುಪುಗಳನ್ನು ಒಂದಾದ ಮೇಲೊಂದರಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಆಮೇಲೆ ಮನೆಯಲ್ಲಿರುವ ಉಗುರುಬಣ್ಣದಿಂದ ಮೌಂಟ್ ಮತ್ತು ರೈಫಲ್ ಎರಡನ್ನೂ ದಾಟುವಂತೆ ತೆಳ್ಳಗೆ ಒಂದು ಗೆರೆ ಎಳೆಯಿರಿ. ಅಭ್ಯಾಸ ಮುಗಿದಾಗ ಆ ಗೆರೆ ಬಿರುಕು ಬಿಟ್ಟಿದ್ದರೆ, ಮಗುವಿಗೆ ಏನನ್ನೂ ಹೇಳುವ ಮೊದಲು ತಿರುಪು ಬಿಗಿಯುವ ಅಲೆನ್ ಕೀ ಕೈಗೆತ್ತಿಕೊಳ್ಳಿ.