ಮೊದಲು ನೋಡಿದ ಕುದುರೆ

ಕೇಳುಗರಿಗೆ ನಮಸ್ಕಾರ.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಎತ್ತು ಕೊಳ್ಳಲು ಹೋದರೆ ಮೊದಲ ದಿನ ಯಾವ ಎತ್ತಿನ ಮೈಯನ್ನೂ ಮುಟ್ಟುತ್ತಿರಲಿಲ್ಲ. ಹೆಗಲ ಮೇಲೆ ಟವಲು, ಬಾಯಲ್ಲಿ ಎಲೆಅಡಿಕೆ, ಎರಡೂ ಕೈ ಬೆನ್ನ ಹಿಂದೆ. ಈ ತುದಿಯಿಂದ ಆ ತುದಿಯವರೆಗೆ ಒಂದು ಸುತ್ತು. ದಲ್ಲಾಳಿಗಳು ಅಡ್ಡ ಬಂದು, "ಗೌಡರೇ, ಈ ಹಳ್ಳಿಕಾರ್ ಜೋಡಿ ನೋಡಿ, ಈಗ ತಾನೇ ಹಲ್ಲು ಪೂರ್ತಿ ಬಂದು ಬಾಯಿಗೂಡಿದೆ" ಎಂದು ಕರೆದರೂ, "ಆಗಲಿ, ಬರೋಣ" ಎಂದು ಮುಂದೆ ನಡೆಯುತ್ತಿದ್ದರು. ಹಲ್ಲು ನೋಡುವುದು, ಸುಳಿ ನೋಡುವುದು, ನೊಗ ಕಟ್ಟಿ ನಡೆಸುವುದು ಎಲ್ಲ ಮಾರನೆಯ ದಿನ. ಕೊನೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ. ಆ ಟವಲಿನ ಕೆಳಗೆ ಏನು ನಡೆಯಿತೆಂದು ಪಕ್ಕದಲ್ಲೇ ನಿಂತ ನನಗೂ ತಿಳಿಯುತ್ತಿರಲಿಲ್ಲ.

ನನ್ನ 51ನೆಯ ವಯಸ್ಸಿನಲ್ಲಿ ಕುದುರೆ ಕೊಳ್ಳುವ ಹುಚ್ಚು ಹತ್ತಿದಾಗ ತಾತನ ಆ ಸುತ್ತು ನೆನಪಿಗೆ ಬರಬೇಕಾಗಿತ್ತು. ಬರಲಿಲ್ಲ.

ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಮಗಳನ್ನು ಕುದುರೆ ಸವಾರಿ ಕಲಿಯಲು ಕರೆದುಕೊಂಡು ಹೋಗಿ, ಬೇಲಿಯ ಆಚೆ ಕಾದು ಕುಳಿತು ಬೇಸರವಾಗಿ, ಒಂದು ದಿನ ನಾನೇ ಜೀನು ಏರಿದೆ. ಮಗಳು ಆರು ತಿಂಗಳಿಗೆ ಬಿಟ್ಟಳು. ನಾನು ನಾಲ್ಕು ವರ್ಷವಾದರೂ ಬಿಡಲಿಲ್ಲ. ಬಾಡಿಗೆ ಕುದುರೆಯ ಮೇಲೆ ಎಷ್ಟು ದಿನ ಎನ್ನಿಸಿತು. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಇರುವ ಕುದುರೆಗಳಲ್ಲಿ ಬಹುಪಾಲು ರೇಸಿನಿಂದ ನಿವೃತ್ತವಾದ, ಓಟಕ್ಕೆಂದೇ ಬೆಳೆಸುವ ತಳಿಯ ಥರೋಬ್ರೆಡ್‌ಗಳು. ಅಂಥದ್ದೇ ಒಂದು ದೇವನಹಳ್ಳಿಯ ಕಡೆ ಮಾರಾಟಕ್ಕಿದೆ ಎಂದು ತಿಳಿಯಿತು. ಒಂದು ಭಾನುವಾರ ನನ್ನ ತರಬೇತುದಾರರನ್ನು ಜೊತೆಗೆ ಕರೆದುಕೊಂಡು ಹೋದೆ.

ಆರು ವರ್ಷದ, ಬೀಜ ತೆಗೆಸಿದ ಗಂಡು ಕುದುರೆ. ಕೆಂಪು ಮೈ, ಹಣೆಯಲ್ಲಿ ಬಿಳಿಯ ಬೊಟ್ಟು. ಕುದುರೆಯ ಎತ್ತರವನ್ನು ಹ್ಯಾಂಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. ಅಳೆಯುವುದು ತಲೆಯವರೆಗಲ್ಲ, ಹೆಗಲಿನವರೆಗೆ. ಇದು 16 ಹ್ಯಾಂಡ್, ಅಂದರೆ ಹೆಗಲಿಗೇ ಐದು ಅಡಿ ನಾಲ್ಕು ಅಂಗುಲ. ನಾನು ಐದು ಅಡಿ ಒಂದು ಅಂಗುಲದವಳು. ಆ ಎತ್ತರದಿಂದ ಅದು ಕತ್ತು ಇಳಿಸಿ ನನ್ನ ಅಂಗೈಯೊಳಗೆ ಮೂತಿ ಇಟ್ಟು ಉಸಿರು ಬಿಟ್ಟಿತು. ಒಣಹುಲ್ಲಿನ ವಾಸನೆಯ ಬಿಸಿ ಉಸಿರು. ಮಾಲೀಕರು ಅದರ ಪಾಸ್‌ಪೋರ್ಟ್ ತೆರೆದು ತೋರಿಸಿದರು. ಹುಟ್ಟಿದ್ದು ಕುಣಿಗಲ್. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ನೆಲ ಎಂದು ನಾನೇ ಅವರಿಗೆ ಪಾಠ ಹೇಳಿದೆ. ಅವರು ತಲೆಯಾಡಿಸಿ ನಕ್ಕರು. ವ್ಯಾಪಾರ ತಾನಾಗಿಯೇ ನಡೆಯುತ್ತಿರುವಾಗ ಮಾರುವವರು ಮಾತಾಡುವ ಅಗತ್ಯವಿರುವುದಿಲ್ಲ.

ನನ್ನ ಕೈ ಚೆಕ್ ಪುಸ್ತಕವಿದ್ದ ಚೀಲದ ಕಡೆ ಹೋಗಿದ್ದನ್ನು ತರಬೇತುದಾರರು ನೋಡಿದರು. "ಮೇಡಂ, ಮನೆಗೆ ಹೋಗಿ ಊಟ ಮಾಡಿ. ಮಲಗಿ ಎದ್ದು ಫೋನ್ ಮಾಡಿ" ಎಂದರು. ಅಷ್ಟೇ.

ಆ ವಾರವೆಲ್ಲ ಸಿಕ್ಕಸಿಕ್ಕವರ ಸಲಹೆ ಕೇಳಿದೆ. ಅರ್ಧ ಜನ, ಮೊದಲು ನೋಡಿದ್ದನ್ನು ಕೊಳ್ಳಲೇಬೇಡಿ ಎಂದರು. ಇನ್ನರ್ಧ ಜನ, ಮನಸ್ಸಿಗೆ ಹಿಡಿಸಿದ್ದನ್ನು ಬಿಟ್ಟರೆ ಜೀವನಪೂರ್ತಿ ಪರಿತಪಿಸುತ್ತೀರಿ ಎಂದರು. ಹೆಣ್ಣು ನೋಡಲು ಹೋಗಿ ಬಂದ ಮನೆಯಲ್ಲಿ ಉಪ್ಪಿಟ್ಟು ಅರಗುವ ಮೊದಲೇ ಕೇಳಿಬರುವ ಮಾತುಗಳೇ ಇವು ಎರಡೂ.

ಗಣಿತದವಳಾದ್ದರಿಂದ ನನ್ನ ದಾರಿಯಲ್ಲಿ ಲೆಕ್ಕ ಹಾಕಿದೆ. ಮೂರು ಕುದುರೆಗಳನ್ನು ಒಂದಾದ ಮೇಲೊಂದು ನೋಡುತ್ತೇನೆ, ಬಿಟ್ಟದ್ದು ಮತ್ತೆ ಸಿಗುವುದಿಲ್ಲ ಎಂದಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಮೊದಲನೆಯದನ್ನೇ ಕೊಂಡರೆ ಮೂರರಲ್ಲಿ ಅತ್ಯುತ್ತಮವಾದದ್ದು ಸಿಗುವ ಅವಕಾಶ ಮೂರರಲ್ಲಿ ಒಂದು. ಮೊದಲನೆಯದನ್ನು ಬರೀ ನೋಡಿ ಬಿಟ್ಟು, ಅದಕ್ಕಿಂತ ಚೆನ್ನಾಗಿರುವುದು ಯಾವುದು ಮೊದಲು ಕಾಣುತ್ತದೋ ಅದನ್ನು ಕೊಂಡರೆ ಅವಕಾಶ ಎರಡರಲ್ಲಿ ಒಂದು. ಮೂರು ಕುದುರೆ ಬರಬಹುದಾದ ಕ್ರಮಗಳು ಆರೇ ಆರು. ಚೀಟಿಯಲ್ಲಿ ಬರೆದು ನೋಡಿ, ಮೂರು ಕ್ರಮಗಳಲ್ಲಿ ಗೆಲ್ಲುತ್ತೀರಿ. ತಾತ ಜಾತ್ರೆಯಲ್ಲಿ ಸುಮ್ಮನೆ ಸುತ್ತು ಹಾಕುತ್ತಿದ್ದುದರಲ್ಲಿ ಈ ಲೆಕ್ಕವೂ ಇತ್ತೆಂದು ಅಂದು ರಾತ್ರಿ ನನಗೆ ಹೊಳೆಯಿತು.

ಆದರೆ ಈ ಲೆಕ್ಕ ಒಂದು ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ನೋಡಿದರೆ ಯಾವುದು ಚೆನ್ನ ಎಂದು ನಮಗೆ ತಿಳಿಯುತ್ತದೆ ಎಂಬ ಮಾತು. ನಾನು ಒಂದು ಹಾಳೆ ತೆಗೆದುಕೊಂಡು, ಭಾನುವಾರ ಆ ಕುದುರೆಯಲ್ಲಿ ಏನೇನು ನೋಡಿದೆ ಎಂದು ಬರೆದೆ. ಒಂಬತ್ತು ಸಾಲಾಯಿತು. ಎಂಟು ಸಾಲು ಮುಖದ ವರ್ಣನೆ. ರೆಪ್ಪೆಯ ಕೂದಲಿನ ಬಗ್ಗೆಯೇ ಎರಡು ಸಾಲು. ಒಂಬತ್ತನೆಯದು ಕುಣಿಗಲ್. ಕಾಲುಗಳ ಬಗ್ಗೆ ಒಂದಕ್ಷರವಿಲ್ಲ. ಲಾಳ ಹೇಗೆ ಸವೆದಿತ್ತು? ಗೊತ್ತಿಲ್ಲ. ನಾವು ಹೋದಾಗಲೇ ಜೀನು ಕಟ್ಟಿ ನಿಲ್ಲಿಸಿದ್ದರು, ಕತ್ತು ಒದ್ದೆಯಾಗಿತ್ತು. ಸ್ನಾನ ಮಾಡಿಸಿದ್ದಾರೆ ಎಂದುಕೊಂಡಿದ್ದೆ. ನಾವು ಬರುವ ಮೊದಲೇ ಚೆನ್ನಾಗಿ ಓಡಿಸಿ ಅದರ ಕಸುವು ಇಳಿಸಿದ್ದರೂ ಕತ್ತು ಹಾಗೆಯೇ ಒದ್ದೆಯಾಗುತ್ತದೆ.

ಕುದುರೆಯ ಆಸೆ ಮನುಷ್ಯರನ್ನು ಎಲ್ಲಿಯವರೆಗೆ ಕೊಂಡೊಯ್ಯುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಒಂದು ಕಥೆ ಇದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್, ತನಗಿಂತ ಹಿಂದಿನ ಸಾಳುವ ನರಸಿಂಹನ ಬಗ್ಗೆ ಬರೆದಿದ್ದಾನೆ. ಹೊರ್ಮುಜ್‌ನಿಂದಲೂ ಏಡನ್‌ನಿಂದಲೂ ಬರುವ ಕುದುರೆಗಳಿಗೆ ಈ ರಾಜ ವ್ಯಾಪಾರಿಗಳು ಕೇಳಿದ ಬೆಲೆಯನ್ನೇ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಹಣವೇ ಸಿಗುತ್ತಿತ್ತಂತೆ. ವ್ಯಾಪಾರಿಯ ಬರಹ, ಒಂದಕ್ಕೆ ಎರಡು ಸೇರಿರಬಹುದು. ಆದರೆ ರಾಜನಿಗೆ ದಾರಿ ಇರಲಿಲ್ಲ. ಯುದ್ಧಕ್ಕೆ ಕುದುರೆ ಬೇಕು, ಒಳ್ಳೆಯ ಕುದುರೆ ಕಡಲಾಚೆಯಿಂದಲೇ ಬರಬೇಕು, ವ್ಯಾಪಾರಿ ಮುನಿಸಿಕೊಂಡರೆ ಪಕ್ಕದ ರಾಜ್ಯಕ್ಕೆ ಮಾರುತ್ತಾನೆ. ನನಗೆ ಯಾವ ಯುದ್ಧವಿತ್ತು? ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ಹಿಡಿದು ನಿಂತ ಆ ಪರದೇಶದ ವ್ಯಾಪಾರಿಗಳನ್ನು ನೋಡಿ. ಅವರ ಮುಖದಲ್ಲಿ ಅವಸರವೇ ಇಲ್ಲ.

ಹಾಗಾಗಿ ಇನ್ನೆರಡು ಕುದುರೆ ನೋಡುವುದೆಂದು ನಿಶ್ಚಯಿಸಿದೆ. ಅಲ್ಲಿಯವರೆಗೆ ದೇವನಹಳ್ಳಿಗೆ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ.

ಎರಡನೆಯದು ತುಮಕೂರು ರಸ್ತೆಯ ಒಂದು ತೋಟದಲ್ಲಿದ್ದ ಕಾಠಿಯಾವಾಡಿ ಹೆಣ್ಣು ಕುದುರೆ. ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿಗಳು. ಮಾಲೀಕರು ಅದರ ಮೈಮೇಲಿನ ಸುಳಿಗಳನ್ನು ಒಂದೊಂದಾಗಿ ತೋರಿಸುತ್ತಾ, ಗಂಟಲಿನ ಸುಳಿ ದೇವಮಣಿ, ಇದು ಇದ್ದ ಮನೆಗೆ ಲಕ್ಷ್ಮಿ ಬರುತ್ತಾಳೆ ಎನ್ನುತ್ತಿದ್ದರು. ಅಷ್ಟರಲ್ಲಿ ಆ ಕುದುರೆ ಮೇವಿನ ತೊಟ್ಟಿಯ ಮರದ ಅಂಚಿಗೆ ಮೇಲಿನ ಹಲ್ಲು ಊರಿ, ಕತ್ತು ಬಿಗಿದು, ಗಕ್ ಎಂದು ಗಾಳಿ ಎಳೆದುಕೊಂಡಿತು. ಮಾಲೀಕರು ದನಿ ಏರಿಸಿದರು. ಮತ್ತೆ ಗಕ್. ದನಿ ಇನ್ನೂ ಏರಿತು. ತೊಟ್ಟಿಯ ಅಂಚು ಇಲಿ ಕಡಿದಂತೆ ಅರ್ಧಚಂದ್ರಾಕಾರವಾಗಿ ಸವೆದಿತ್ತು. ಇದಕ್ಕೆ ಕ್ರಿಬ್ ಬೈಟಿಂಗ್ ಎನ್ನುತ್ತಾರೆ. ಒಮ್ಮೆ ಹತ್ತಿದರೆ ಬಿಡಿಸುವುದು ಬಲು ಕಷ್ಟದ ಚಟ. ಹೊಟ್ಟೆನೋವು ಬರುವ ಸಂಭವವೂ ಹೆಚ್ಚು. ಕುದುರೆ ವಾಂತಿ ಮಾಡಲಾರದ ಪ್ರಾಣಿ, ಅದರ ಹೊಟ್ಟೆನೋವು ಜೀವಕ್ಕೇ ಬರಬಹುದು. ದೇವಮಣಿಗೆ ಕೈ ಮುಗಿದು ಹೊರಟೆವು.

ಮೂರನೆಯದು ಸವಾರಿ ಶಾಲೆಯೊಂದರಲ್ಲಿ ಮಕ್ಕಳನ್ನು ಹೊತ್ತು ಹೊತ್ತು ನುರಿತದ್ದು. ಕಂದು ಮೈ, ಕಪ್ಪು ಜೂಲು, 15 ಹ್ಯಾಂಡ್. ಕೆಳತುಟಿ ಜೋತುಬಿದ್ದು, ಕಿವಿಗಳು ಎರಡೂ ಪಕ್ಕಕ್ಕೆ ಬಿದ್ದು, ಕೊನೆಯ ಬಸ್ಸಿಗೆ ಕಾದು ಕುಳಿತವರ ಮುಖ. ತರಬೇತುದಾರರು ತುಟಿ ಬಿಡಿಸಿ ಮೇಲಿನ ಮೂಲೆಹಲ್ಲು ತೋರಿಸಿದರು. ಕುದುರೆಗೆ ಹತ್ತು ವರ್ಷದ ಸುಮಾರಿಗೆ ಆ ಹಲ್ಲಿನ ಬುಡದಲ್ಲಿ ಒಂದು ಕಂದು ಗೀರು ಮೂಡುತ್ತದೆ, ಹದಿನೈದರ ಹೊತ್ತಿಗೆ ಅರ್ಧ ಹಲ್ಲಿಗೆ ಇಳಿಯುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಇದರದು ಒಸಡಿನಿಂದ ಸ್ವಲ್ಪ ಕೆಳಗಿತ್ತು. ಹನ್ನೆರಡು ಎಂದು ಮಾಲೀಕರು ಹೇಳಿದ್ದು ಸರಿಯೇ ಇತ್ತು. ದಾನದ ಹಸುವಿನ ಹಲ್ಲು ಎಣಿಸಬಾರದು ನಿಜ, ದುಡ್ಡು ಕೊಡುವ ಕುದುರೆಯದನ್ನು ಎಣಿಸಲೇಬೇಕು. ಹತ್ತಿ ಎರಡು ಸುತ್ತು ಬಂದೆ. ಮನಸ್ಸಿನಲ್ಲಿ ಏನೂ ಕುಣಿಯಲಿಲ್ಲ.

ಈಗ ಮತ್ತೆ ಮೊದಲನೆಯದು. ಈ ಸಲ ಹೇಳದೆ ಕೇಳದೆ ಬೆಳಿಗ್ಗೆ ಆರಕ್ಕೇ ಹೋದೆವು. ಕುದುರೆ ನೋಡಿಕೊಳ್ಳುವ ಸೈಸ್ ಲಾಯ ಗುಡಿಸುತ್ತಿದ್ದ. ಜೀನು ಕಟ್ಟುವುದು ಬೇಡ ಎಂದೆ. ಮೊಣಕಾಲಿನಿಂದ ಕೆಳಕ್ಕೆ, ಕಾಲಿನ ಹಿಂಬದಿಯ ಸ್ನಾಯುರಜ್ಜಿನ ಮೇಲೆ ಕೈ ಇಳಿಸಿದೆ. ರೇಸ್ ಕುದುರೆಗೆ ಏಟು ಬೀಳುವ ಜಾಗ ಅದು. ಬಿಗಿದ ಹಗ್ಗದ ಹಾಗೆ ಇರಬೇಕು. ಊತವಿದ್ದರೆ, ಬಿಸಿ ಇದ್ದರೆ ಅಂಗೈಗೆ ಗೊತ್ತಾಗುತ್ತದೆ. ಎರಡೂ ಮುಂಗಾಲು ತಣ್ಣಗೆ, ನಯವಾಗಿ ಇದ್ದವು.

ಆಮೇಲೆ ಸಿಮೆಂಟಿನ ದಾರಿಯಲ್ಲಿ ಕುಕ್ಕುಲೋಟ ಓಡಿಸಿದರು. "ನೋಡಬೇಡಿ, ಕಣ್ಣು ಮುಚ್ಚಿ ಕೇಳಿ" ಎಂದರು ತರಬೇತುದಾರರು. ರೇಡಿಯೊ ಕೇಳುವ ನಿಮಗೆ ಇದನ್ನು ಹೇಳಲೇಬೇಕು. ಕುಕ್ಕುಲೋಟದಲ್ಲಿ ಕುದುರೆ ಮೂಲೆಯಿಂದ ಮೂಲೆಗೆ ಎದುರಾದ ಎರಡು ಕಾಲುಗಳನ್ನು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು ಎಂಬಂತೆ, ಒಟ್ಟಿಗೆ ಇಡುತ್ತದೆ, ಆದ್ದರಿಂದ ಎರಡೇ ಪೆಟ್ಟು. ಟಕ್ ಟಕ್, ಟಕ್ ಟಕ್. ಕುಂಟುವ ಕುದುರೆಯಾದರೆ ಟಕ್ ಟೊಕ್, ಟಕ್ ಟೊಕ್. ನೋವಿರುವ ಕಾಲಿಗೆ ಭಾರ ಬಿಡದೆ ಒಳ್ಳೆಯ ಕಾಲಿನ ಮೇಲೆ ಜೋರಾಗಿ ಬೀಳುತ್ತದೆ. ನಾನು ಕೇಳಿದ್ದು ತಾಳ ತಪ್ಪದ ಆದಿತಾಳ.

ಪಶುವೈದ್ಯರು ಬಂದು ಒಂದು ಗಂಟೆ ಪರೀಕ್ಷಿಸಿದರು. ನಾಡಿ ನಿಮಿಷಕ್ಕೆ 36. ಕತ್ತಲೆಯಲ್ಲಿ ಟಾರ್ಚು ಹಿಡಿದು ಕಣ್ಣು ನೋಡಿದರು. ಒಂದೊಂದೇ ಕಾಲನ್ನು ಒಂದು ನಿಮಿಷ ಮಡಿಸಿ ಹಿಡಿದು, ಬಿಟ್ಟ ಕೂಡಲೇ ಓಡಿಸಿದರು. ನೋವುನಿವಾರಕ ಕೊಟ್ಟು ಕುಂಟು ಮರೆಸಿಲ್ಲವೆಂದು ಖಚಿತಪಡಿಸಿಕೊಳ್ಳಲು ರಕ್ತ ತೆಗೆದರು. ಗ್ಲ್ಯಾಂಡರ್ಸ್ ಎಂಬ ರೋಗ ಮನುಷ್ಯರಿಗೂ ಅಂಟುತ್ತದೆ, ಅದರ ಪರೀಕ್ಷೆಗೆ ಇನ್ನೊಂದು ಸೀಸೆ ರಕ್ತ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಎಲ್ಲಿಯೂ ದೋಷ ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ದೋಷ ಸಿಕ್ಕಿದ್ದು ಜೀನಿನ ಮೇಲೆ. ಮೂರನೆಯ ಸುತ್ತಿನಲ್ಲಿ ಬೇಲಿಯಿಂದ ಒಂದು ಖಾಲಿ ಗೊಬ್ಬರದ ಚೀಲ ಹಾರಿತು. ಕುದುರೆ ಬೆಚ್ಚಿತು. ನಾನು ಹೆದರಿ ಲಗಾಮು ಬಿಗಿ ಹಿಡಿದೆ. ರೇಸಿನಲ್ಲಿ ಓಡಿದ ಕುದುರೆ ಲಗಾಮಿನ ಬಿಗಿಗೆ ಬಾಯಿ ಒರಗಿಸಿಕೊಂಡು ಓಡುವುದನ್ನು ಕಲಿತಿರುತ್ತದೆ. ನಾನು ನಿಲ್ಲು ಎಂದು ಎಳೆದೆ, ಅದು ಹೊರಡು ಎಂದು ಕೇಳಿಸಿಕೊಂಡಿತು. ನಾಗಾಲೋಟ. "ಎಳೆಯಬೇಡಿ, ತಿರುಗಿಸಿ, ತಿರುಗಿಸಿ" ಎಂಬ ಕೂಗು ಎಲ್ಲೋ ದೂರದಿಂದ ಕೇಳಿಸಿತು. ಸುತ್ತು ಕಿರಿದಾಗುತ್ತಾ ಆಗುತ್ತಾ ನಿಂತಿತು. ಇಳಿದಾಗ ನನ್ನ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಕುದುರೆ ತಿರುಗಿ ನನ್ನ ಅಂಗೈಯಲ್ಲಿ ಮತ್ತೆ ಮೂತಿ ಇಟ್ಟಿತು. ಅದರ ತಪ್ಪು ಒಂದಿಷ್ಟೂ ಇರಲಿಲ್ಲ. ಕಲಿಸಿದ್ದನ್ನು ಮಾಡಿತ್ತು.

ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ಕೊಳ್ಳುವ ಬೆಲೆ ಒಂದೇ ಸಲ. ಹುಲ್ಲು, ಹುರುಳಿ, ಸೈಸ್‌ನ ಸಂಬಳ, ಆರು ವಾರಕ್ಕೊಮ್ಮೆ ಲಾಳ, ಇವು ನಿಲ್ಲುವುದಿಲ್ಲ. ಇದಕ್ಕೆ ಇನ್ನೂ ಉಳಿದ ಇಪ್ಪತ್ತು ವರ್ಷಗಳಲ್ಲಿ ಪರೀಕ್ಷೆಯ ಮೌಲ್ಯಮಾಪನ ಮುಗಿಸಿ ತಲೆ ಸಿಡಿಯುತ್ತಾ ಬಂದ ಮಂಗಳವಾರಗಳು ಎಷ್ಟಿರುತ್ತವೆ? ಆ ಮಂಗಳವಾರ ನಾನು ಇದರ ಮೇಲೆ ಹತ್ತುತ್ತೇನೆಯೇ? ಮೊದಲ ಭಾನುವಾರ ಈ ಪ್ರಶ್ನೆ ನನಗೆ ಬರಲು ಸಾಧ್ಯವೇ ಇರಲಿಲ್ಲ. ಏನೂ ಕುಣಿಸದ ಆ ಕಂದು ಕುದುರೆಯ ಮೇಲೆ ಎರಡು ಸುತ್ತು ಬಂದ ಮೇಲೆಯೇ ಬಂದದ್ದು.

ಮೊದಲನೆಯದು ಎಂಬ ಒಂದೇ ಕಾರಣಕ್ಕೆ ಬಿಡುವುದೂ ದಡ್ಡತನವೇ. ನಮ್ಮ ಸವಾರಿ ಶಾಲೆಯ ಹುಡುಗನೊಬ್ಬ ಮೊದಲು ನೋಡಿದ ಕುದುರೆಯನ್ನೇ ಕೊಂಡು ಸುಖವಾಗಿದ್ದಾನೆ. ಆದರೆ ಅವನು ಎರಡು ವರ್ಷ ದಿನವೂ ಅದೇ ಕುದುರೆಯ ಮೇಲೆ ಕಲಿತವನು. ಅದನ್ನು ಮೊದಲನೆಯದೆಂದು ಹೇಗೆ ಲೆಕ್ಕ ಹಿಡಿಯುವುದು?

ನಾನು ಕಂದು ಕುದುರೆಯನ್ನು ಕೊಂಡೆ. ಅದೇ ವೈದ್ಯರು, ಅದೇ ಪರೀಕ್ಷೆ. ಹಿಂಗಾಲಿನ ಕೀಲಿನಲ್ಲಿ ಸ್ವಲ್ಪ ಬಿಗಿತ ಇದೆ, ಚಳಿಗಾಲದಲ್ಲಿ ಹತ್ತು ನಿಮಿಷ ಹೆಚ್ಚು ನಡೆಸಿ ಆಮೇಲೆ ಓಡಿಸಿ ಎಂದರು. ನನ್ನ ಮೊಣಕಾಲಿಗೂ ನಮ್ಮ ಡಾಕ್ಟರು ಇದನ್ನೇ ಹೇಳಿದ್ದಾರೆ. ಬೆಲೆ ಸ್ವಲ್ಪ ಇಳಿಯಿತು.

ಕೆಂಪು ಕುದುರೆಯನ್ನು ಚೆನ್ನಾಗಿ ಸವಾರಿ ಬಲ್ಲ ಹದಿನೇಳರ ಹುಡುಗಿಯೊಬ್ಬಳ ತಂದೆ ಕೊಂಡರು. ಕಳೆದ ತಿಂಗಳು ಅದು ಜಿಗಿತದ ಅಡೆತಡೆಗಳನ್ನು ಹಾರುವುದನ್ನು ಬೇಲಿಯ ಪಕ್ಕ ನಿಂತು ನೋಡಿದೆ. ಹಣೆಯ ಬೊಟ್ಟು ಬಿಸಿಲಿಗೆ ಹೊಳೆಯುತ್ತಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಕ್ಕದಲ್ಲಿ ನನ್ನದು ಒಂದು ಹಿಂಗಾಲು ಮಡಿಸಿ, ತುಟಿ ಜೋತುಬಿಟ್ಟು, ನಿಂತಲ್ಲೇ ತೂಕಡಿಸುತ್ತಿತ್ತು. ಎಬ್ಬಿಸಿ ಜೀನಿನ ಪಟ್ಟಿ ಬಿಗಿದೆ. ಎಂದಿನಂತೆ ಅದು ಉಸಿರು ಎಳೆದು ಹೊಟ್ಟೆ ಉಬ್ಬಿಸಿತು. ಎರಡು ನಿಮಿಷ ಕಾದು ಮತ್ತೊಮ್ಮೆ ಬಿಗಿದೆ, ಮೂರು ತೂತು ಮೇಲಕ್ಕೆ ಹೋಯಿತು.

ನಮಸ್ಕಾರ.