ಆಷಾಢಕ್ಕೂ ಒದಗುವ, ಶ್ರಾವಣಕ್ಕೂ ಒದಗುವ ಮಳಿಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಹೊರಟವರು ಈ ಸಭೆಯಲ್ಲಿ ಹಲವರಿದ್ದೀರಿ. ಕಟ್ಟಡದ ನಕ್ಷೆ ಬರೆಯುವ ನನ್ನಂಥವರ ಬಳಿ ಬಂದವರು ಮೊದಲು ಕೇಳುವುದು, ‘ಎಷ್ಟು ಅಂಗಡಿ ಬರುತ್ತವೆ?’ ಎಂದು. ಆ ಲೆಕ್ಕವನ್ನು ಇಟ್ಟಿಗೆ ಗೋಡೆ ಎಬ್ಬಿಸಿ ಶಾಶ್ವತ ಮಾಡಬೇಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಇಂದು ಆರು ಅಂಗಡಿ, ಹಬ್ಬದ ಸಾಲಿಗೆ ಹತ್ತು, ನಾಲ್ಕು ವರ್ಷ ಕಳೆದ ಮೇಲೆ ಎರಡೇ ಎರಡು. ಹೀಗೆ ಹಿಗ್ಗಿ ಕುಗ್ಗುವ ಮಳಿಗೆ ನಮ್ಮ ಪೇಟೆಗೆ ಬೇಕು.

ಏಕೆಂದರೆ ಇಲ್ಲಿನ ವ್ಯಾಪಾರ ಪಂಚಾಂಗದ ಜೊತೆ ನಡೆಯುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಸೀರೆ ಅಂಗಡಿಗಳು ರಿಯಾಯಿತಿಯ ಫಲಕ ತೂಗುಹಾಕಿ ಗಿರಾಕಿಗಳನ್ನು ಕರೆಯುತ್ತವೆ. ಶ್ರಾವಣ ಕಾಲಿಟ್ಟರೆ ವರಮಹಾಲಕ್ಷ್ಮಿ, ಅದರ ಹಿಂದೆ ಗೌರಿ ಗಣೇಶ, ದಸರಾ, ದೀಪಾವಳಿ. ಆಗ ರಸ್ತೆಯಲ್ಲಿ ಹೆಜ್ಜೆ ಇಡಲೂ ಜಾಗವಿರುವುದಿಲ್ಲ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ಸಣ್ಣ ವ್ಯಾಪಾರಿ ಸೋಲುವುದು ಇಲ್ಲಿಯೇ.

ಜಾಗವನ್ನು ಹಂಚಿಕೊಳ್ಳುವ ಜಾಣ್ಮೆ ಈ ಪೇಟೆಗೆ ಹೊಸದಲ್ಲ. ಅವೆನ್ಯೂ ರಸ್ತೆಗೆ ಭಾನುವಾರ ಹೋಗಿ ನೋಡಿ. ವಾರವಿಡೀ ತೆರೆದಿರುವ ಅಂಗಡಿಗಳು ಶಟರ್ ಎಳೆದಿರುತ್ತವೆ. ಆ ಶಟರುಗಳ ಮುಂದೆಯೇ ಹಳೆಯ ಪುಸ್ತಕದವರು ಪ್ಲಾಸ್ಟಿಕ್ ಹಾಳೆ ಹಾಸಿ ಎಂಜಿನಿಯರಿಂಗ್ ಪಠ್ಯ, ನಿಘಂಟು, ಕಾದಂಬರಿಗಳನ್ನು ಹರಡುತ್ತಾರೆ. ಒಂದೇ ಮುಂಗಟ್ಟು, ಎರಡು ಕಸುಬು, ಎರಡು ಬಗೆಯ ಗಿರಾಕಿಗಳು. ಇದಕ್ಕಾಗಿ ಯಾರೂ ನಕ್ಷೆ ಬರೆದಿರಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇಡೀ ರಸ್ತೆಯೇ ಮಳಿಗೆಯಾಗುವುದನ್ನೂ ನೀವು ಬಲ್ಲಿರಿ. ಜನ ತಾವಾಗಿಯೇ ಮಾಡಿಕೊಂಡ ಈ ಏರ್ಪಾಡಿಗೆ ಕಟ್ಟಡವೂ ಸಹಕರಿಸಬೇಕು ಎನ್ನುವುದಷ್ಟೇ ನನ್ನ ವಾದ.

ಹಾಗಾದರೆ ಏನು ಮಾಡಬೇಕು? ಕಂಬದಿಂದ ಕಂಬಕ್ಕೆ ಇಪ್ಪತ್ತು ಅಡಿ ಬಿಟ್ಟರೆ ನಡುವೆ ಹತ್ತು ಅಡಿಯ ಎರಡು ಅಂಗಡಿ ಕೂರುತ್ತವೆ. ನಡುಗೋಡೆ ತೆಗೆದರೆ ಒಂದೇ ಅಂಗಡಿ. ಆ ನಡುಗೋಡೆ ಬೋಲ್ಟ್ ಬಿಚ್ಚಿ ತೆಗೆಯುವಂಥದ್ದಾಗಿರಲಿ. ಎರಡು ಶಟರುಗಳ ನಡುವಿನ ಕಬ್ಬಿಣದ ಕಂಬವೂ ಕಳಚುವಂತಿರಲಿ. ಪ್ರತಿ ಭಾಗಕ್ಕೂ ಬೇರೆ ವಿದ್ಯುತ್ ಮೀಟರ್ ಬೇಕು. ಹೆಚ್ಚಿನವರು ಮರೆಯುವುದು ನೀರನ್ನು. ನೆಲ ಹಾಕುವಾಗಲೇ ಪ್ರತಿ ಅಂಗಡಿಯ ಹಿಂಬದಿಗೆ ಚರಂಡಿಯ ಕೊಳವೆ ತಂದು, ಮುಚ್ಚಳ ಹಾಕಿ ಬಿಡಿ. ಇಂದು ಬಳೆ ಮಾರುವ ಜಾಗದಲ್ಲಿ ನಾಳೆ ಹಣ್ಣಿನ ರಸದ ಅಂಗಡಿ ಬರಬಹುದು. ಆಗ ನೆಲ ಒಡೆಯುವ ಖರ್ಚಿಗೆ ಹೆದರಿ ಒಳ್ಳೆಯ ಬಾಡಿಗೆದಾರರನ್ನು ಕಳೆದುಕೊಳ್ಳಬೇಡಿ.

ಶೌಚಾಲಯದ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳಿಗೆ ಪ್ರತಿ ಅಂತಸ್ತಿನಲ್ಲೂ ಒಂದು ಶುಚಿಯಾದ ಶೌಚಾಲಯ ಕೊಡಲಾಗದ ಕಟ್ಟಡವನ್ನು ಕಟ್ಟಲೇಬಾರದು.

ಇನ್ನು ಕರಾರಿನ ಮಾತು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಯಾದದ್ದು ಇದರಿಂದ. ಬಾಡಿಗೆದಾರರನ್ನು ಸುಲಭವಾಗಿ ಬಿಡಿಸದಂತೆ ಕಾಯುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟು, 14 ಚದರ ಮೀಟರ್ ಮೀರದ ಅಂಗಡಿಗಳನ್ನು ಮಾತ್ರ ತನ್ನ ವ್ಯಾಪ್ತಿಯಲ್ಲಿ ಉಳಿಸಿಕೊಂಡಿದೆ. ಹತ್ತು ಅಡಿಗೆ ಹದಿನೈದು ಅಡಿ ಎಂದರೆ ಸರಿಸುಮಾರು ಅಷ್ಟೇ. ಸಣ್ಣ ಅಂಗಡಿ ಕೊಟ್ಟರೆ ಬಿಡಿಸಿಕೊಳ್ಳುವುದು ಕಷ್ಟ ಎಂಬ ಅಳುಕಿನಿಂದ ಇಡೀ ಅಂತಸ್ತನ್ನು ಒಂದೇ ಕಂಪನಿಗೆ ಕೊಡುವ ಮಾಲೀಕರಿದ್ದಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಆ ಕಂಪನಿ ಒಮ್ಮೆ ಖಾಲಿ ಮಾಡಿದರೆ ಇಡೀ ಅಂತಸ್ತಿನ ಬಾಡಿಗೆ ಒಂದೇ ದಿನ ನಿಲ್ಲುತ್ತದೆ. ಹತ್ತು ಅಂಗಡಿಗಳಿದ್ದರೆ ಒಂದು ಖಾಲಿಯಾದರೂ ಒಂಬತ್ತು ನಡೆಯುತ್ತಿರುತ್ತವೆ.

ಕೆಲವು ವಾರಗಳ ಮಟ್ಟಿಗೆ ಕೊಡುವಾಗ ಬಾಡಿಗೆಯ ಬದಲು ಪರವಾನಗಿ ಕರಾರು, ಅಂದರೆ ಜಾಗದ ಮೇಲೆ ಹಕ್ಕು ಕೊಡದೆ ಬಳಸಲು ಅನುಮತಿ ಮಾತ್ರ ಕೊಡುವ ಕರಾರು ಮಾಡಿಕೊಳ್ಳಬಹುದು. ಅದಕ್ಕೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಕಾಗದದ ಮೇಲೆ ‘ಪರವಾನಗಿ’ ಎಂದು ಬರೆದ ಮಾತ್ರಕ್ಕೆ ಅದು ಪರವಾನಗಿ ಆಗುವುದಿಲ್ಲ. ಜಾಗದ ಪೂರ್ಣ ಸ್ವಾಧೀನ ಯಾರ ಕೈಯಲ್ಲಿದೆ, ಇಬ್ಬರ ಉದ್ದೇಶ ಏನಿತ್ತು ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಒಳ್ಳೆಯ ವಕೀಲರಿಂದ ಬರೆಸಿ.

ಅಲ್ಪಾವಧಿಗೆ ಬರುವವರು ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯಲಾರರು. ದೀಪ, ಕಪಾಟು, ಕನ್ನಡಿ, ಗಲ್ಲಾಪೆಟ್ಟಿಗೆಯ ಮೇಜು ಮಾಲೀಕರದೇ ಇರಲಿ. ಬಾಡಿಗೆಯಲ್ಲಿ ಒಂದು ಪಾಲನ್ನು ಮಾರಾಟಕ್ಕೆ ತಕ್ಕಂತೆ ನಿಗದಿ ಮಾಡಿ. ಮಾಲ್‌ಗಳಲ್ಲಿ ಈ ಪದ್ಧತಿ ಇದೆ. ಇಳಕಲ್ಲಿನ ನೇಕಾರರು, ಚನ್ನಪಟ್ಟಣದ ಗೊಂಬೆ ಮಾಡುವವರು ಹಬ್ಬದ ಒಂದು ತಿಂಗಳಾದರೂ ಪೇಟೆಯ ನಡುಮಧ್ಯೆ ತಾವೇ ಅಂಗಡಿ ಇಡುವಂತಾದರೆ ಎಷ್ಟು ಚೆನ್ನ! ನಿಮ್ಮ ಕಟ್ಟಡದ ಮುಂದೆ ಹೂ ಮಾರುವವರನ್ನೂ ಎಬ್ಬಿಸಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಹೂವಿಗಾಗಿ ನಿಂತವರೇ ತಲೆ ಎತ್ತಿ ನಿಮ್ಮ ಅಂಗಡಿಯನ್ನು ನೋಡುವವರು.

ನಕ್ಷೆ ತಂದಿರುವವರು ಮುಂದೆ ಬನ್ನಿ. ಕಂಬಗಳ ಸಾಲಿನಿಂದಲೇ ನೋಡಲು ಶುರು ಮಾಡೋಣ.